ನೈಟ್ ವಿಷನ್ ಗಾಗಲ್: ಹೇಗೆ ಬಂತು, ಒಳಗೆ ಏನಿದೆ?

ಪ್ರಶ್ನೆ: ಯುದ್ಧದ ಸಿನಿಮಾಗಳಲ್ಲಿ ಸೈನಿಕರು ಹೆಲ್ಮೆಟ್‌ಗೆ ದುರ್ಬೀನಿನಂಥದ್ದು ಸಿಕ್ಕಿಸಿಕೊಂಡು ಕಗ್ಗತ್ತಲಲ್ಲಿ ಓಡಾಡುತ್ತಾರೆ, ಎಲ್ಲ ಹಸಿರಾಗಿ ಕಾಣುತ್ತದೆ. ಈ ನೈಟ್ ವಿಷನ್ ಗಾಗಲ್ ಯಾವಾಗ ಶುರುವಾಯಿತು? ಒಳಗೆ ಏನಿರುತ್ತದೆ? ಆನ್‌ಲೈನ್‌ನಲ್ಲಿ ಕೆಲವೇ ಸಾವಿರ ರೂಪಾಯಿಗೆ ‘ಮಿಲಿಟರಿ ಗ್ರೇಡ್’ ಅಂತ ಮಾರುತ್ತಾರಲ್ಲ, ಅದೂ ಇದೇನಾ? ನಮ್ಮ ದೇಶದಲ್ಲಿ ಇದನ್ನು ತಯಾರಿಸುತ್ತಾರಾ?

ಉತ್ತರ: ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳೋಣ. ಪೂರ್ತಿ ಕತ್ತಲಲ್ಲಿ ಈ ಗಾಗಲ್‌ಗೂ ಏನೂ ಕಾಣುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿ, ಸಂದುಗಳಿಗೂ ಬಟ್ಟೆ ತುರುಕಿದ ಕೋಣೆಯೊಳಗೆ ಅದನ್ನು ಹಾಕಿಕೊಂಡವನು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾನೆ, ಅಷ್ಟೇ. ಅದಕ್ಕೆ ಸ್ವಲ್ಪವಾದರೂ ಬೆಳಕು ಬೇಕು. ಬಯಲಿನಲ್ಲಿ ಆ ಸ್ವಲ್ಪ ಬೆಳಕು ಯಾವಾಗಲೂ ಇರುತ್ತದೆ. ಹುಣ್ಣಿಮೆಯ ರಾತ್ರಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 0.2 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). ಮೋಡವಿಲ್ಲದ ಅಮಾವಾಸ್ಯೆಯಲ್ಲಿ ಅದು 0.001 ಲಕ್ಸ್ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಇನ್ನೂರು ಪಟ್ಟು ಕಡಿಮೆ. ಆ ಬೆಳಕೆಲ್ಲ ನಕ್ಷತ್ರಗಳದ್ದೇ ಅಂದುಕೊಳ್ಳಬೇಡಿ. ನೆಲದಿಂದ ಸುಮಾರು 90 ಕಿ.ಮೀ. ಮೇಲಿನ ತೆಳು ಗಾಳಿ ರಾತ್ರಿಯಿಡೀ ತಾನಾಗಿಯೇ ಮಂದವಾಗಿ ಹೊಳೆಯುತ್ತಿರುತ್ತದೆ. ಆ ಹೊಳಪಿನ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾತ್ರಿ ನೋಡಬೇಕಾದ ಸೈನ್ಯಕ್ಕೆ ಇರುವುದು ಎರಡು ದಾರಿ. ಶತ್ರುವಿನ ಕಣ್ಣಿಗೆ ಕಾಣದ ಬೆಳಕನ್ನು ತಾನೇ ಚೆಲ್ಲಿ, ಅದು ಬಡಿದು ವಾಪಸ್ ಬಂದದ್ದನ್ನು ಹಿಡಿಯುವುದು ಒಂದು. ಏನನ್ನೂ ಚೆಲ್ಲದೆ, ಆಕಾಶದಿಂದ ಬಿದ್ದಷ್ಟರಲ್ಲೇ ಕೆಲಸ ಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ, ಆದರೆ ಅಪಾಯ. ಎರಡನೆಯದು ಸುರಕ್ಷಿತ, ಆದರೆ ಮಾಡಲು ವಿಪರೀತ ಕಷ್ಟ. ನೈಟ್ ವಿಷನ್‌ನ ಇತಿಹಾಸ ಎಂದರೆ ಮೊದಲ ದಾರಿಯಿಂದ ಎರಡನೆಯದಕ್ಕೆ ದಾಟಿಕೊಳ್ಳಲು ಪಟ್ಟ ಪಾಡು. ಅದರಲ್ಲಿ ಲೆನ್ಸಿನ ಪಾತ್ರ ಸಣ್ಣದು. ಇಡೀ ಹೋರಾಟ ನಡೆದದ್ದು ಗಾಗಲ್‌ನ ಹೊಟ್ಟೆಯಲ್ಲಿರುವ ಒಂದು ಪುಟ್ಟ ಗಾಜಿನ ಟ್ಯೂಬಿನ ಸುತ್ತ.

ಆ ಟ್ಯೂಬಿನ ಮೊದಲ ರೂಪ ಬಂದದ್ದು 1934ರಲ್ಲಿ, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಗಿಲ್ಲೆಸ್ ಹೋಲ್ಸ್ಟ್ ಮತ್ತು ಅವರ ಜೊತೆಗಾರರು ಅದನ್ನು ಮಾಡಿದರು. ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ಎದುರುಬದುರು ಎರಡು ಪದರ. ಒಂದರ ಹೆಸರು ಫೋಟೋಕ್ಯಾಥೋಡ್. ಬೆಳಕು ಬಿದ್ದರೆ ಅದರಿಂದ ಎಲೆಕ್ಟ್ರಾನ್‌ಗಳು ಹೊರಗೆ ಹಾರುತ್ತವೆ. ಇದು ಪಿಯುಸಿಯಲ್ಲಿ ಓದುವ ಫೋಟೋಎಲೆಕ್ಟ್ರಿಕ್ ಪರಿಣಾಮವೇ, ಐನ್‌ಸ್ಟೈನ್ 1905ರಲ್ಲಿ ವಿವರಿಸಿದ್ದು. ಹಾರಿದ ಎಲೆಕ್ಟ್ರಾನ್‌ಗಳನ್ನು ಸಾವಿರಾರು ವೋಲ್ಟ್ ಹಾಕಿ ಎಳೆದರೆ ಅವು ಎದುರಿನ ಪರದೆಗೆ ರಭಸದಿಂದ ಬಡಿಯುತ್ತವೆ. ಆ ಪರದೆಗೆ ಹಳೆಯ ಟಿವಿಯ ಒಳಗಿದ್ದಂಥ ಫಾಸ್ಫರ್ ಬಳಿದಿರುತ್ತಾರೆ. ಬಡಿದ ಜಾಗ ಹೊಳೆಯುತ್ತದೆ. ಹೀಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚಿತ್ರ ಒಂದು ಕಡೆಯಿಂದ ಒಳಗೆ ಹೋಗಿ, ಕಾಣುವ ಚಿತ್ರವಾಗಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ. ಅದೇ ಕಾಲದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ, ಟಿವಿಯ ಆರಂಭದ ದಿನಗಳ ದೊಡ್ಡ ಹೆಸರಾದ ವ್ಲಾದಿಮಿರ್ ಜ್ವೊರಿಕಿನ್ ಕೂಡ ಇಂಥದ್ದೇ ಟ್ಯೂಬಿನ ಮೇಲೆ ಕೆಲಸ ಮಾಡುತ್ತಿದ್ದರು.

ಆಗಿನ ಫೋಟೋಕ್ಯಾಥೋಡ್ ಅನ್ನು ಬೆಳ್ಳಿ, ಆಕ್ಸಿಜನ್ ಮತ್ತು ಸೀಸಿಯಂ ಸೇರಿಸಿ ಮಾಡುತ್ತಿದ್ದರು. ಇನ್‌ಫ್ರಾರೆಡ್ ಅದಕ್ಕೆ ಕಾಣುತ್ತಿತ್ತು ನಿಜ, ಆದರೆ ಬಹಳ ಸೋಮಾರಿ ವಸ್ತು. ನೂರು ಬೆಳಕಿನ ಕಣ ಬಿದ್ದರೆ ಒಂದು ಎಲೆಕ್ಟ್ರಾನ್ ಹೊರಬಂದರೂ ಹೆಚ್ಚು. ನಕ್ಷತ್ರದ ಬೆಳಕಿನಲ್ಲಿ ಅದರಿಂದ ಏನೂ ಆಗದು. ಹಾಗಾಗಿ ಜೊತೆಗೊಂದು ಇನ್‌ಫ್ರಾರೆಡ್ ದೀಪ ಬೇಕೇ ಬೇಕು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಜರ್ಮನರು ಇದನ್ನು ರಣರಂಗಕ್ಕೆ ತಂದರು. ಪ್ಯಾಂಥರ್ ಟ್ಯಾಂಕ್‌ಗಳ ಮೇಲೆ ಇನ್‌ಫ್ರಾರೆಡ್ ದೀಪ ಮತ್ತು ದರ್ಶಕ ಕೂರಿಸಿದರು. ಕಾಲಾಳಿಗೆ ‘ವ್ಯಾಂಪೀರ್’ ಎಂಬ ಉಪಕರಣ ಕೊಟ್ಟರು. ಎಸ್‌ಟಿಜಿ 44 ರೈಫಲ್‌ನ ಮೇಲೆ ಕೂರುವ ದರ್ಶಕ ಮತ್ತು ದೀಪ ಸೇರಿ ಎರಡೂಕಾಲು ಕಿಲೋ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ದೀಪಕ್ಕೆ ಕರೆಂಟ್ ಕೊಡುವ ಬ್ಯಾಟರಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು, ಅದು 13.5 ಕಿಲೋ. ಟ್ಯೂಬಿಗೆ ಬೇರೆಯೇ ಬ್ಯಾಟರಿ, ಅದು ಗ್ಯಾಸ್ ಮಾಸ್ಕ್ ಇಡುವ ಡಬ್ಬಿಯೊಳಗೆ. ಇಷ್ಟನ್ನು ಹೊತ್ತವನು ಓಡುವುದುಂಟೇ?

ಅಮೆರಿಕನ್ನರ ಕಥೆಯೂ ಅಷ್ಟೇ. 1945ರಲ್ಲಿ ಓಕಿನಾವಾ ದ್ವೀಪದ ಕದನದಲ್ಲಿ ಅವರು ‘ಸ್ನೈಪರ್‌ಸ್ಕೋಪ್’ ಬಳಸಿದರು. ಕಾರ್ಬೈನ್ ಬಂದೂಕಿನ ಮೇಲೆ ದರ್ಶಕ, ಜೊತೆಗೊಂದು ದೀಪ, ಬೆನ್ನಲ್ಲಿ ಬ್ಯಾಟರಿ ಚೀಲ. ಕಾಣುತ್ತಿದ್ದದ್ದು ನೂರು ಮೀಟರಿನೊಳಗೆ. ಆದರೆ ಓಕಿನಾವಾದಲ್ಲಿ ಜಪಾನಿ ಸೈನಿಕರು ರಾತ್ರಿ ಹೊತ್ತು ತೆವಳಿಕೊಂಡು ಕಂದಕದ ಹತ್ತಿರಕ್ಕೇ ಬರುತ್ತಿದ್ದರು. ಅಂಥ ಕಡೆ ನೂರು ಮೀಟರ್ ಸಾಕಿತ್ತು. ಕೊರಿಯಾ ಯುದ್ಧದಲ್ಲೂ ಇದರ ಸುಧಾರಿತ ರೂಪ ಹೆಚ್ಚಾಗಿ ಕೂತಲ್ಲೇ ಕಾವಲು ಕಾಯುವವರ ಕೈಯಲ್ಲಿತ್ತು.

ಭಾರಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ನಿಮ್ಮ ಇನ್‌ಫ್ರಾರೆಡ್ ದೀಪ ಬರಿಗಣ್ಣಿಗೆ ಕಾಣದು, ಆದರೆ ಎದುರಾಳಿಯ ಬಳಿಯೂ ಅಂಥದ್ದೇ ದರ್ಶಕ ಇದ್ದರೆ ನೀವು ಅವನಿಗೆ ಹೆಡ್‌ಲೈಟ್ ಹಾಕಿಕೊಂಡು ನಿಂತ ಲಾರಿಯ ಹಾಗೆ ಕಾಣುತ್ತೀರಿ. ದೀಪ ತಲುಪುವ ದೂರಕ್ಕಿಂತ ಎಷ್ಟೋ ಪಟ್ಟು ದೂರದಿಂದಲೇ ದೀಪದ ಮೂಲ ಗೊತ್ತಾಗಿಬಿಡುತ್ತದೆ.

ನಿಮ್ಮ ಆನ್‌ಲೈನ್ ಪ್ರಶ್ನೆಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಕೆಲವು ಸಾವಿರ ರೂಪಾಯಿಗೆ ಸಿಗುವ ‘ನೈಟ್ ವಿಷನ್’ ದುರ್ಬೀನು ಕೆಲಸ ಮಾಡುವ ರೀತಿ ಈ 1945ರದ್ದೇ. ಟ್ಯೂಬಿನ ಬದಲು ಮೊಬೈಲ್ ಕ್ಯಾಮೆರಾದಲ್ಲಿರುವಂಥ ಸೆನ್ಸರ್, ದೊಡ್ಡ ದೀಪದ ಬದಲು ಇನ್‌ಫ್ರಾರೆಡ್ ಎಲ್‌ಇಡಿ, ಅಷ್ಟೇ ವ್ಯತ್ಯಾಸ. ಎಲ್‌ಇಡಿ ಆರಿಸಿದರೆ ಪರದೆಯಲ್ಲಿ ಹೆಚ್ಚುಕಡಿಮೆ ಏನೂ ಉಳಿಯದು. ಬೇಕಾದರೆ ಪರೀಕ್ಷೆ ಮಾಡಿ ನೋಡಿ: ಆ ದುರ್ಬೀನನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿಯಿರಿ. ಟಿವಿ ರಿಮೋಟಿನ ಬಟನ್ ಒತ್ತಿದಾಗ ಅದರ ಮೂತಿ ಕ್ಯಾಮೆರಾದಲ್ಲಿ ನೇರಳೆ ಬಣ್ಣಕ್ಕೆ ಮಿನುಗುತ್ತದಲ್ಲ, ಇದೂ ಹಾಗೆಯೇ ಬೆಳಗುತ್ತದೆ. ತೋಟಕ್ಕೆ ಕಾಡುಹಂದಿ ಬಂತಾ ಅಂತ ನೋಡಲು ಅದು ಚೆನ್ನಾಗಿಯೇ ಇದೆ. ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ‘ಮಿಲಿಟರಿ ಗ್ರೇಡ್’ ಅನ್ನುವ ಮಾತು ಸುಮ್ನೆ. ನಿಜವಾದ ಟ್ಯೂಬ್ ಇರುವ ಗಾಗಲ್‌ನ ಬೆಲೆ ಲಕ್ಷಗಳಲ್ಲಿದೆ.

ಯುದ್ಧ ಮುಗಿದ ಮೇಲೂ ಸೋವಿಯತ್ ಒಕ್ಕೂಟ ದೀಪದ ದಾರಿಯನ್ನೇ ಹಿಡಿದು ಬಹಳ ದೂರ ಹೋಯಿತು. ಟಿ-55, ಟಿ-62 ಟ್ಯಾಂಕ್‌ಗಳ ಚಿತ್ರ ನೋಡಿದರೆ ತೋಪಿನ ಪಕ್ಕದಲ್ಲೊಂದು ದುಂಡನೆಯ ದೊಡ್ಡ ದೀಪ ಕಾಣುತ್ತದೆ. ಅದೇ ಇನ್‌ಫ್ರಾರೆಡ್ ಸರ್ಚ್‌ಲೈಟ್. ಇದನ್ನು ಹಳೆಯ ತಂತ್ರ ಅಂತ ತಳ್ಳಿಹಾಕುವವರು 1973ರ ಅಕ್ಟೋಬರ್ ಯುದ್ಧದ ಗೋಲನ್ ಬೆಟ್ಟಗಳನ್ನು ನೆನಪಿಸಿಕೊಳ್ಳಬೇಕು. ಸಿರಿಯಾದ ಟ್ಯಾಂಕ್‌ಗಳಲ್ಲಿ ಈ ಉಪಕರಣ ಇತ್ತು. ಎದುರಿಗಿದ್ದ ಇಸ್ರೇಲಿನ ಸೆಂಚುರಿಯನ್ ಟ್ಯಾಂಕ್‌ಗಳಿಗೆ ರಾತ್ರಿ ನೋಡುವ ಸೌಕರ್ಯ ಹೆಚ್ಚುಕಡಿಮೆ ಇರಲೇ ಇಲ್ಲ. ಹಗಲಿನಲ್ಲಿ ದೂರದಿಂದಲೇ ಹೊಡೆಯುತ್ತಿದ್ದ ಇಸ್ರೇಲಿ ಗುರಿಕಾರರು ರಾತ್ರಿ ಕುರುಡರಾದರು. ಕತ್ತಲಲ್ಲಿ ತೀರಾ ಹತ್ತಿರದಿಂದ ಟ್ಯಾಂಕ್‌ಗಳು ಕಾದಾಡಿದವು. ಕೊನೆಗೆ ಇಸ್ರೇಲ್ ಆ ಜಾಗ ಉಳಿಸಿಕೊಂಡಿತು, ಆದರೆ ಆ ರಾತ್ರಿಗಳ ಬೆಲೆ ದೊಡ್ಡದಾಗಿತ್ತು.

ನಮ್ಮ ದೇಶಕ್ಕೆ ಅದರ ಎರಡು ವರ್ಷ ಮುಂಚೆಯೇ ಲೋಂಗೇವಾಲಾದಲ್ಲಿ ಇಂಥ ರಾತ್ರಿ ಎದುರಾಗಿತ್ತು. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕ್‌ಗಳು ರಾಜಸ್ಥಾನದ ಆ ಠಾಣೆಗೆ ಬಂದಾಗ ಒಳಗಿದ್ದದ್ದು ಸುಮಾರು 120 ಜನ ಕಾಲಾಳುಗಳು. ಜೈಸಲ್ಮೇರ್‌ನಲ್ಲಿ ವಾಯುಪಡೆಯ ಹಂಟರ್ ವಿಮಾನಗಳು ಸಿದ್ಧವಿದ್ದವು. ಆದರೆ ರಾತ್ರಿ ಗುರಿ ಹುಡುಕುವ ಉಪಕರಣ ಅವುಗಳಲ್ಲಿ ಇರಲಿಲ್ಲ. ಬೆಳಕು ಹರಿಯುವ ತನಕ ಕಾಯಬೇಕಾಯಿತು. ಬೆಳಗಾದ ಮೇಲೆ ಮರಳಿನಲ್ಲಿ ಸಿಕ್ಕಿಕೊಂಡಿದ್ದ ಟ್ಯಾಂಕ್‌ಗಳ ಗತಿ ಏನಾಯಿತು ಅಂತ ಎಲ್ಲರಿಗೂ ಗೊತ್ತಿದೆ.

ಈಗ ಎರಡನೇ ದಾರಿಗೆ ಬರೋಣ. ಅಮೆರಿಕದ ಸೈನ್ಯ 1954ರಲ್ಲಿ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಒಂದು ಚಿಕ್ಕ ಸಂಶೋಧನಾ ವಿಭಾಗ ತೆರೆಯಿತು. ಮುಂದೆ ಅದೇ ಬೆಳೆದು ನೈಟ್ ವಿಷನ್ ಲ್ಯಾಬೊರೇಟರಿ ಆಯಿತು. ಅದನ್ನು ಬಹುಕಾಲ ನಡೆಸಿದವರು ರಾಬರ್ಟ್ ವೈಸ್‌ಮನ್. ದೀಪವೇ ಇಲ್ಲದೆ ನೋಡಬೇಕು ಅನ್ನುವುದು ಅವರ ಗುರಿ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಆರ್‌ಸಿಎಯ ಎ. ಎಚ್. ಸೊಮ್ಮರ್ 1950ರ ದಶಕದಲ್ಲಿ ಕಂಡುಹಿಡಿದ ಹೊಸ ಫೋಟೋಕ್ಯಾಥೋಡ್. ಆಂಟಿಮನಿಯ ಜೊತೆ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಮೂರನ್ನೂ ಸೇರಿಸಿದಾಗ ಎಲೆಕ್ಟ್ರಾನ್ ಕೊಡುವ ಶಕ್ತಿ ಎಷ್ಟೋ ಪಟ್ಟು ಏರಿತು.

ಆದರೂ ಒಂದು ಟ್ಯೂಬ್ ಸಾಲದು. ಒಂದರ ಪರದೆಯ ಬೆಳಕನ್ನು ಇನ್ನೊಂದರ ಫೋಟೋಕ್ಯಾಥೋಡ್‌ಗೆ ಊಡಿಸಿ, ಅದನ್ನು ಮೂರನೆಯದಕ್ಕೆ ಊಡಿಸಿ, ಮೂರು ಟ್ಯೂಬುಗಳನ್ನು ಸಾಲಾಗಿ ಜೋಡಿಸಿದರು. ಬೆಳಕು ಹತ್ತಾರು ಸಾವಿರ ಪಟ್ಟು ಹೆಚ್ಚಿತು. ಟ್ಯೂಬುಗಳ ನಡುವೆ ಬೆಳಕು ಚೆದುರದಂತೆ ಕೂದಲಿಗಿಂತ ಸಣ್ಣ ಗಾಜಿನ ಎಳೆಗಳ ಬಿಲ್ಲೆಗಳನ್ನು ಇಟ್ಟರು. ಇಲ್ಲೊಂದು ಮಜಾ ಇದೆ. ಈ ಟ್ಯೂಬು ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಮೂರು ಟ್ಯೂಬು, ಮೂರು ಸಲ ತಲೆಕೆಳಗು. ಮುಂದಿನ ಲೆನ್ಸು ಮೊದಲೇ ಒಂದು ಸಲ ತಲೆಕೆಳಗು ಮಾಡಿರುತ್ತದೆ. ಒಟ್ಟು ನಾಲ್ಕು, ಹಾಗಾಗಿ ಕೊನೆಗೆ ಚಿತ್ರ ನೆಟ್ಟಗೆ ನಿಲ್ಲುತ್ತದೆ!

ಇದೇ ‘ಸ್ಟಾರ್‌ಲೈಟ್ ಸ್ಕೋಪ್’. 1960ರ ದಶಕದ ನಡುವೆ ವಿಯೆಟ್ನಾಂಗೆ ಹೋಯಿತು. ಅರ್ಧ ಮೀಟರಿಗೆ ಹತ್ತಿರ ಉದ್ದ, ಸುಮಾರು 2.7 ಕಿಲೋ ತೂಕ. ರೈಫಲ್ ಮೇಲೆ ಕೂರಿಸಬಹುದು, ಕೈಯಲ್ಲಿ ಹಿಡಿಯಬಹುದು, ಆದರೆ ಮುಖಕ್ಕೆ ಕಟ್ಟಿಕೊಳ್ಳಲು ಸಾಧ್ಯವಿಲ್ಲ. ಇನ್ನೂ ಎರಡು ಕಾಟ ಇದ್ದವು. ಎದುರಿಗೆ ಒಂದು ಫ್ಲೇರ್ (ರಾತ್ರಿ ಬೆಳಕಿಗಾಗಿ ಹಾರಿಸುವ ಉರಿ) ಉರಿದರೆ ಇಡೀ ಪರದೆ ಬೆಳ್ಳಗಾಗಿ ಏನೂ ಕಾಣದಾಗುತ್ತಿತ್ತು. ಜೊತೆಗೆ, ನೋಡುವವನ ಮುಖದ ಮೇಲೆ ಹಸಿರು ಬೆಳಕು ಬಿದ್ದು ಅವನಿರುವ ಜಾಗ ಗೊತ್ತಾಗುತ್ತಿತ್ತು. ಅದಕ್ಕೇ ಕಣ್ಣು ಒತ್ತಿದಾಗ ಮಾತ್ರ ತೆರೆಯುವ ರಬ್ಬರ್ ಮುಚ್ಚಳ ಇಟ್ಟರು.

ಮುಖಕ್ಕೆ ಕಟ್ಟುವ ಗಾಗಲ್ ಹುಟ್ಟಬೇಕಾದರೆ ಮೂರು ಟ್ಯೂಬುಗಳ ಕೆಲಸವನ್ನು ಒಂದೇ ಗಿಡ್ಡ ಟ್ಯೂಬು ಮಾಡಬೇಕಿತ್ತು. ಅದನ್ನು ಸಾಧ್ಯ ಮಾಡಿದ್ದು ಮೈಕ್ರೋಚಾನೆಲ್ ಪ್ಲೇಟ್. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಇದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೋಡಲು ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾದ, ಅರ್ಧ ಮಿಲಿಮೀಟರಿಗಿಂತ ತೆಳ್ಳಗಿನ ಗಾಜಿನ ಬಿಲ್ಲೆ. ಅದರ ತುಂಬ ಈ ಬದಿಯಿಂದ ಆ ಬದಿಗೆ ಕೊರೆದ ಲಕ್ಷಾಂತರ ತೂತುಗಳು. ಒಂದೊಂದು ತೂತಿನ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ.

ಇಷ್ಟು ತೂತುಗಳನ್ನು ಡ್ರಿಲ್ ಮಾಡಲಾಗದು, ಅಲ್ವಾ? ಹಾಗಾಗಿ ಮಾಡುವ ರೀತಿಯೇ ಬೇರೆ. ಒಂದು ಬಗೆಯ ಗಾಜಿನ ಕಡ್ಡಿಯನ್ನು ಇನ್ನೊಂದು ಬಗೆಯ ಗಾಜಿನ ಕೊಳವೆಯೊಳಗೆ ತೂರಿಸುತ್ತಾರೆ. ಕಾಯಿಸಿ ಎಳೆದು ಸಣ್ಣ ಎಳೆ ಮಾಡುತ್ತಾರೆ. ಅಂಥ ಸಾವಿರಾರು ಎಳೆಗಳನ್ನು ಕಟ್ಟು ಕಟ್ಟಿ ಮತ್ತೆ ಕಾಯಿಸಿ ಎಳೆಯುತ್ತಾರೆ. ಆ ಕಟ್ಟುಗಳನ್ನು ಮತ್ತೆ ಒಟ್ಟಿಗೆ ಜೋಡಿಸಿ ಕರಗಿಸಿ ಒಂದು ದಿಮ್ಮಿ ಮಾಡುತ್ತಾರೆ. ಅದನ್ನು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾರೆ. ಕತ್ತರಿಸುವಾಗ ತುಸು ಓರೆಯಾಗಿ ಕತ್ತರಿಸುತ್ತಾರೆ. ಆಮೇಲೆ ಆಸಿಡ್‌ನಲ್ಲಿ ಅದ್ದಿದರೆ ಒಳಗಿನ ಗಾಜು ಕರಗಿ ಹೋಗುತ್ತದೆ, ಹೊರಗಿನದು ಉಳಿಯುತ್ತದೆ. ಅಲ್ಲಿಗೆ ತೂತು ಸಿದ್ಧ. ಕೊನೆಗೆ ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಕಾಯಿಸಿದಾಗ ತೂತಿನ ಒಳಗೋಡೆಗೆ ಸ್ವಲ್ಪ ಕರೆಂಟ್ ಹರಿಸುವ ಗುಣ ಬರುತ್ತದೆ.

ಓರೆಯಾಗಿ ಕತ್ತರಿಸುವುದು ಏಕೆಂದರೆ, ಒಳಗೆ ಬಂದ ಎಲೆಕ್ಟ್ರಾನ್ ನೇರವಾಗಿ ಹಾದುಹೋಗದೆ ಗೋಡೆಗೆ ಬಡಿಯಲೇಬೇಕು. ಬಡಿದಾಗ ಗೋಡೆಯಿಂದ ಎರಡು ಮೂರು ಹೊಸ ಎಲೆಕ್ಟ್ರಾನ್ ಏಳುತ್ತವೆ. ಪ್ಲೇಟಿನ ಎರಡು ಬದಿಗಳ ನಡುವೆ 800-1000 ವೋಲ್ಟ್ ಇರುವುದರಿಂದ ಅವು ಮುಂದಕ್ಕೆ ನುಗ್ಗಿ ಮತ್ತೆ ಗೋಡೆಗೆ ಬಡಿಯುತ್ತವೆ, ಮತ್ತಷ್ಟು ಏಳುತ್ತವೆ. ಆ ಕಡೆ ಹೊರಬರುವಷ್ಟರಲ್ಲಿ ಒಂದು ಎಲೆಕ್ಟ್ರಾನ್ ಸಾವಿರದ ಲೆಕ್ಕಕ್ಕೆ ಬೆಳೆದಿರುತ್ತದೆ. ಪ್ರತಿ ತೂತೂ ತನ್ನ ಪಾಡಿಗೆ ಕೆಲಸ ಮಾಡುವುದರಿಂದ ಚಿತ್ರ ಕಲಸಿಹೋಗದು. ಇನ್ನೊಂದು ಲಾಭ: ಎದುರಿಗೆ ಫ್ಲೇರ್ ಉರಿದರೆ ಆ ಜಾಗದ ತೂತುಗಳು ಮಾತ್ರ ಸುಸ್ತಾಗುತ್ತವೆ, ಉಳಿದ ಚಿತ್ರ ಹಾಗೇ ಇರುತ್ತದೆ. ಸ್ಟಾರ್‌ಲೈಟ್ ಸ್ಕೋಪಿನ ಎರಡು ಕಾಟಗಳಲ್ಲಿ ಒಂದು ಇಲ್ಲಿಗೆ ಬಹುಪಾಲು ತೀರಿತು.

ಈ ಗಿಡ್ಡ ಟ್ಯೂಬು ಚಿತ್ರವನ್ನು ತಿರುಗಿಸುವುದಿಲ್ಲ, ಆದರೆ ಮುಂದಿನ ಲೆನ್ಸು ತಿರುಗಿಸಿಬಿಟ್ಟಿರುತ್ತದೆ. ಅದನ್ನು ನೆಟ್ಟಗೆ ಮಾಡಲು ಟ್ಯೂಬಿನ ಹಿಂದೆ ಗಾಜಿನ ಎಳೆಗಳ ಒಂದು ಕಟ್ಟು ಇಟ್ಟು, ಅದನ್ನು ಕಾಯಿಸಿ, ಒದ್ದೆ ಸೀರೆ ಹಿಂಡಿದ ಹಾಗೆ ಅರ್ಧ ಸುತ್ತು ತಿರುಚುತ್ತಾರೆ. ಕೆಳಗಿನದು ಮೇಲೆ, ಮೇಲಿನದು ಕೆಳಗೆ.

ಅಮೆರಿಕನ್ನರು 1970ರ ದಶಕದಲ್ಲಿ ಇಂಥ ಎರಡು ಟ್ಯೂಬು ಹಾಕಿ ಪಿವಿಎಸ್-5 ಎಂಬ ಗಾಗಲ್ ಮಾಡಿದರು. ನೀವು ಕೇಳಿದ, ಮುಖಕ್ಕೆ ಕಟ್ಟುವ ಗಾಗಲ್ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಇದರಿಂದ. ಮಾಡಿದ್ದು ನೆಲದ ಸೈನಿಕರಿಗೆ ಮತ್ತು ಗಾಡಿ ಓಡಿಸುವವರಿಗೆ. ಹೆಲಿಕಾಪ್ಟರ್ ಪೈಲಟ್‌ಗಳು ಇದನ್ನೇ ತಗೊಂಡು ಹಾರಲು ಶುರು ಮಾಡಿದರು. ಅಲ್ಲಿ ಹೊಸ ತಲೆನೋವು ಹುಟ್ಟಿತು. ಇಡೀ ಮುಖ ಮುಚ್ಚುವ ಗಾಗಲ್ ದೂರಕ್ಕೆ ಫೋಕಸ್ ಆಗಿರುತ್ತದೆ, ಎದುರಿನ ಮೀಟರುಗಳು ಮಬ್ಬು. ಕೊನೆಗೆ ಮುಖದ ಪಟ್ಟಿಯ ಕೆಳಭಾಗವನ್ನೇ ಕತ್ತರಿಸಿ, ಗಾಗಲ್‌ನ ಅಡಿಯಿಂದ ಇಣುಕಿ ಮೀಟರು ಓದುವ ಏರ್ಪಾಡು ಮಾಡಿಕೊಂಡರು. ಕಾಕ್‌ಪಿಟ್‌ನ ಕೆಂಪು ದೀಪಗಳು ಇನ್ನೊಂದು ಸಮಸ್ಯೆ. ಬರಿಗಣ್ಣಿನ ಪೈಲಟ್‌ಗೆ ಕೆಂಪು ಒಳ್ಳೆಯದು, ರಾತ್ರಿಗೆ ಹೊಂದಿಕೊಂಡ ಕಣ್ಣನ್ನು ಅದು ಕೆಡಿಸದು. ಆದರೆ ಟ್ಯೂಬಿಗೆ ಕೆಂಪು ಎಂದರೆ ಸೂರ್ಯನೇ. ಹಾಗಾಗಿ ಮುಂದೆ ಕಾಕ್‌ಪಿಟ್ ದೀಪಗಳನ್ನೇ ನೀಲಿ-ಹಸಿರಿಗೆ ಬದಲಿಸಿ, ಗಾಗಲ್‌ಗೆ ಆ ಬಣ್ಣ ತಡೆಯುವ ಫಿಲ್ಟರ್ ಹಾಕಿದರು.

1980ರ ಏಪ್ರಿಲ್‌ನಲ್ಲಿ ಇರಾನಿನಲ್ಲಿ ಒತ್ತೆಯಾಗಿದ್ದ ತಮ್ಮವರನ್ನು ಬಿಡಿಸಲು ಅಮೆರಿಕನ್ನರು ಹೋದಾಗ ಹೆಲಿಕಾಪ್ಟರ್ ಪೈಲಟ್‌ಗಳು ಇಂಥ ಗಾಗಲ್ ಹಾಕಿಕೊಂಡು ಗಂಟೆಗಟ್ಟಲೆ ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರಿದರು. ದಾರಿಯಲ್ಲಿ ಧೂಳಿನ ಮೋಡ ಅಡ್ಡ ಬಂತು. ಧೂಳಿನಲ್ಲಿ ಗಾಗಲ್‌ನಿಂದ ಪ್ರಯೋಜನವಿಲ್ಲ. ಕಾರ್ಯಾಚರಣೆ ಕೈಬಿಟ್ಟು ಹೊರಡುವಾಗ ನೆಲದ ಮೇಲೆ ಧೂಳೆದ್ದು ಒಂದು ಹೆಲಿಕಾಪ್ಟರ್ ಅಲ್ಲಿ ನಿಂತಿದ್ದ ತಮ್ಮದೇ ವಿಮಾನಕ್ಕೆ ಬಡಿಯಿತು, ಎಂಟು ಜನ ಸತ್ತರು. ಇದಕ್ಕೆ ಗಾಗಲ್ ಒಂದೇ ಕಾರಣ ಅನ್ನುವುದು ತಪ್ಪು. ಆದರೆ ಪೈಲಟ್‌ಗಳಿಗೆ ಅಂತಲೇ ಗಾಗಲ್ ಬೇಕು, ಅದಕ್ಕೆ ಬೇರೆಯೇ ತರಬೇತಿ ಬೇಕು ಅನ್ನುವುದು ಆ ದಶಕದಲ್ಲಿ ಸೈನ್ಯಗಳಿಗೆ ಅರ್ಥವಾಯಿತು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಇನ್ನೊಂದು ಅಚ್ಚರಿ. ಕೆಲವು ಬೆಟ್ಟಗಳ ಮೇಲೆ ಅರ್ಜೆಂಟೀನಾದ ಸೈನಿಕರ ಬಳಿ ಇದ್ದ ರಾತ್ರಿ ದರ್ಶಕಗಳು ಬ್ರಿಟಿಷರದ್ದಕ್ಕಿಂತ ಚೆನ್ನಾಗಿದ್ದವು. ಉಪಕರಣ ಕೊಳ್ಳಬಹುದು, ಆದರೆ ರಾತ್ರಿ ಕಾದಾಡುವ ಅಭ್ಯಾಸ ಬ್ರಿಟಿಷರಿಗೆ ಜಾಸ್ತಿ ಇತ್ತು.

1980ರ ದಶಕದಲ್ಲಿ ಬಂದದ್ದು ಮೂರನೇ ತಲೆಮಾರು. ‘ಜೆನ್ 2’, ‘ಜೆನ್ 3’ ಅನ್ನುವುದೆಲ್ಲ ಅಮೆರಿಕನ್ನರ ಎಣಿಕೆ: ಸ್ಟಾರ್‌ಲೈಟ್ ಸ್ಕೋಪ್ ಮೊದಲನೇ ತಲೆಮಾರು, ಮೈಕ್ರೋಚಾನೆಲ್ ಪ್ಲೇಟ್ ಬಂದದ್ದು ಎರಡನೆಯದು. ಇಲ್ಲಿ ಬದಲಾದದ್ದು ಫೋಟೋಕ್ಯಾಥೋಡ್: ಗ್ಯಾಲಿಯಂ ಆರ್ಸೆನೈಡ್ ಹರಳು, ಅದರ ಮೇಲೆ ಸೀಸಿಯಂ-ಆಕ್ಸಿಜನ್‌ನ ಅತಿ ತೆಳು ಲೇಪ. ಈ ಹರಳಿಗೆ ಸೀಸಿಯಂ ಲೇಪಿಸಿದರೆ ಎಲೆಕ್ಟ್ರಾನ್‌ಗಳು ಸಲೀಸಾಗಿ ಹೊರಬರುತ್ತವೆ ಅಂತ 1965ರಲ್ಲಿ ತೋರಿಸಿದವರು ಶೇರ್ ಮತ್ತು ವ್ಯಾನ್ ಲಾರ್. ಮತ್ತೆ ಅದೇ ಫಿಲಿಪ್ಸ್ ಪ್ರಯೋಗಾಲಯ. ಅದನ್ನು ಟ್ಯೂಬಿನೊಳಗೆ ಕೂರಿಸಲು ಹದಿನೈದು ವರ್ಷ ಹಿಡಿಯಿತು. ಈ ವಸ್ತು ಸುಮಾರು 900 ನ್ಯಾನೋಮೀಟರ್ ತನಕದ ಇನ್‌ಫ್ರಾರೆಡ್ ಹಿಡಿಯುತ್ತದೆ. ಮೇಲೆ ಹೇಳಿದೆನಲ್ಲ, ರಾತ್ರಿಯ ಆಕಾಶದ ಹೊಳಪು ಹೆಚ್ಚು ಇರುವುದೇ ಇನ್‌ಫ್ರಾರೆಡ್‌ನಲ್ಲಿ ಅಂತ. ಹಳೆಯ ಟ್ಯೂಬುಗಳು ಕೈಬಿಟ್ಟಿದ್ದ ಬೆಳಕು ಈಗ ಕೈಗೆ ಬಂತು.

ತೊಂದರೆ ಏನೆಂದರೆ ಈ ಕ್ಯಾಥೋಡ್ ಬಹಳ ನಾಜೂಕು. ಮೈಕ್ರೋಚಾನೆಲ್ ಪ್ಲೇಟಿನಿಂದ ಹಿಮ್ಮುಖವಾಗಿ ಹಾರಿಬರುವ ಅಯಾನುಗಳು (ವಿದ್ಯುತ್ ಹೊತ್ತ ಕಣಗಳು) ಅದನ್ನು ಬೇಗ ಹಾಳು ಮಾಡುತ್ತವೆ. ಅದನ್ನು ತಡೆಯಲು ಪ್ಲೇಟಿನ ಬಾಯಿಗೆ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಹಾಕಿದರು. ಟ್ಯೂಬಿನ ಆಯಸ್ಸು ಹತ್ತು ಸಾವಿರ ಗಂಟೆಗೆ ಏರಿತು. ಆದರೆ ಪೊರೆ ಒಂದಷ್ಟು ಒಳ್ಳೆಯ ಎಲೆಕ್ಟ್ರಾನ್‌ಗಳನ್ನೂ ನುಂಗುತ್ತದೆ. ಅದಕ್ಕೇ ಯುರೋಪಿನ ತಯಾರಕರು ಈ ದಾರಿ ಹಿಡಿಯದೆ ಎರಡನೇ ತಲೆಮಾರಿನ ಕ್ಯಾಥೋಡ್ ಅನ್ನೇ ತಿದ್ದಿ ತೀಡಿ ಬೆಳೆಸಿದರು. ಇವತ್ತಿನ ಒಳ್ಳೆಯ ಯುರೋಪಿಯನ್ ಟ್ಯೂಬಿಗೂ ಅಮೆರಿಕನ್ ಟ್ಯೂಬಿಗೂ ಇರುವ ಅಂತರ, ಹೆಸರಿನಲ್ಲಿ ಕಾಣುವಷ್ಟು ದೊಡ್ಡದಲ್ಲ ಅಂತ ನನ್ನ ಅಭಿಪ್ರಾಯ.

ಹಸಿರು ಏಕೆ? ಎಲೆಕ್ಟ್ರಾನ್ ಬಣ್ಣದ ಸುದ್ದಿ ಹೊತ್ತೊಯ್ಯುವುದಿಲ್ಲ, ಎಷ್ಟು ಬೆಳಕು ಅನ್ನುವುದನ್ನು ಮಾತ್ರ ಒಯ್ಯುತ್ತದೆ. ಹಾಗಾಗಿ ಪರದೆ ಯಾವುದಾದರೂ ಒಂದೇ ಬಣ್ಣದ್ದಾಗಬೇಕು. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಚುರುಕು, ಅದಕ್ಕೆ ಹಸಿರು ಫಾಸ್ಫರ್ ಹಾಕಿದರು. ಈಚಿನ ಗಾಗಲ್‌ಗಳಲ್ಲಿ ಬಿಳಿ ಫಾಸ್ಫರ್ ಬರುತ್ತಿದೆ, ಕಪ್ಪು-ಬಿಳುಪು ಫೋಟೋದಂತೆ ಕಾಣುತ್ತದೆ. ಸಿನಿಮಾದವರು ಮಾತ್ರ ಹಸಿರು ಬಿಡುತ್ತಿಲ್ಲ.

ಸಿನಿಮಾ ತೋರಿಸದ ಇನ್ನೊಂದು ಸಂಗತಿ, ಈ ಗಾಗಲ್ ಹಾಕಿಕೊಳ್ಳುವುದು ಸುಖದ ಕೆಲಸ ಅಲ್ಲ. ಸಾಮಾನ್ಯ ಗಾಗಲ್‌ನಲ್ಲಿ ಕಾಣುವುದು 40 ಡಿಗ್ರಿ ಅಗಲ ಮಾತ್ರ. ಪಕ್ಕದಲ್ಲಿರುವುದು ಕಾಣಬೇಕಾದರೆ ತಲೆಯನ್ನೇ ತಿರುಗಿಸುತ್ತಿರಬೇಕು. ದೂರದ ಅಂದಾಜು ತಪ್ಪುತ್ತದೆ. ತೆಳು ಕರೆಂಟ್ ತಂತಿ ಕಾಣುವುದೇ ಇಲ್ಲ, ಹೆಲಿಕಾಪ್ಟರ್ ಪೈಲಟ್‌ಗಳಿಗೆ ಅದು ದೊಡ್ಡ ಭಯ. ಹೆಲ್ಮೆಟ್‌ನ ಮುಂದೆ ಅರ್ಧ ಕಿಲೋ ತೂಗುವುದರಿಂದ ಹಿಂದಕ್ಕೆ ಸಮತೂಕದ ಭಾರ ಕಟ್ಟುತ್ತಾರೆ, ಕತ್ತು ಹಿಡಿದುಕೊಳ್ಳುತ್ತದೆ. ನೋಟದ ಅಗಲ ಹೆಚ್ಚಿಸಲು ನಾಲ್ಕು ಟ್ಯೂಬಿನ ಗಾಗಲ್ ಬಂತು. ಅದರಲ್ಲಿ 97 ಡಿಗ್ರಿ ಕಾಣುತ್ತದೆ. 2011ರ ಮೇ 2ರ ನಸುಕಿನಲ್ಲಿ ಅಬೋಟಾಬಾದ್‌ನಲ್ಲಿ ಬಿನ್ ಲಾಡೆನ್ ಮನೆಗೆ ನುಗ್ಗಿದವರ ಬಳಿ ಇಂಥದ್ದು ಇತ್ತು ಅಂತ ತಂಡದಲ್ಲಿದ್ದವರೊಬ್ಬರು ಆಮೇಲೆ ಹೇಳಿಕೊಂಡಿದ್ದಾರೆ. ಮರುದಿನವೇ ಅಮಾವಾಸ್ಯೆ.

ಥರ್ಮಲ್ ಕ್ಯಾಮೆರಾವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ವಸ್ತುಗಳೇ ಹೊರಸೂಸುವ ಶಾಖವನ್ನು, ಅಂದರೆ 8ರಿಂದ 12 ಮೈಕ್ರೋಮೀಟರ್ ಅಲೆಯುದ್ದದ ಇನ್‌ಫ್ರಾರೆಡ್ ಅನ್ನು ಹಿಡಿಯುತ್ತದೆ. ಅದಕ್ಕೆ ಬೆಳಕೇ ಬೇಡ. ಪೊದೆಯ ಹಿಂದೆ ಕೂತ ಮನುಷ್ಯ ಥರ್ಮಲ್‌ನಲ್ಲಿ ಎದ್ದು ಕಾಣುತ್ತಾನೆ, ಆದರೆ ಅವನ ಮುಖ ಯಾರದ್ದು, ಅವನ ಕೈಯಲ್ಲಿ ಏನಿದೆ ಅನ್ನುವುದು ಟ್ಯೂಬಿನಲ್ಲಿ ಸ್ಪಷ್ಟ. ಅದಕ್ಕೇ ಈಗಿನ ಹೊಸ ಗಾಗಲ್‌ಗಳು ಎರಡನ್ನೂ ಒಂದೇ ಪರದೆಯಲ್ಲಿ ಬೆರೆಸುತ್ತವೆ.

ಇಷ್ಟೆಲ್ಲ ಪಾಡು ಪಟ್ಟು ದೀಪದಿಂದ ಬಿಡಿಸಿಕೊಂಡ ಸೈನ್ಯಗಳು ಈಗ ಮತ್ತೆ ಬೆಳಕು ಚೆಲ್ಲುತ್ತಿವೆ. ಗಾಗಲ್ ಹಾಕಿಕೊಂಡು ರೈಫಲ್‌ನ ಗುರಿ ನೋಡುವುದು ಕಷ್ಟ. ಹಾಗಾಗಿ ರೈಫಲ್‌ಗೆ ಇನ್‌ಫ್ರಾರೆಡ್ ಲೇಸರ್ ಕಟ್ಟುತ್ತಾರೆ. ಅದರ ಚುಕ್ಕೆ ಬಿದ್ದಲ್ಲಿ ಗುಂಡು. ಎದುರಾಳಿಯ ಬಳಿ ಗಾಗಲ್ ಇಲ್ಲದಿದ್ದರೆ ಇದು ಅದ್ಭುತ. ಇದ್ದರೆ ಆ ಲೇಸರ್‌ನ ಗೆರೆ ನೇರವಾಗಿ ನಿಮ್ಮ ಕೈಗೇ ಬಂದು ಮುಟ್ಟುತ್ತದೆ. ಎರಡೂ ಕಡೆ ಗಾಗಲ್ ಇರುವ ಯುದ್ಧಗಳಲ್ಲಿ ಲೇಸರ್ ಹಚ್ಚಲು ಈಗ ಹಿಂದೆಮುಂದೆ ನೋಡಬೇಕಾಗಿದೆ.

ಇನ್ನು ಭಾರತದ ವಿಷಯ. ತಯಾರಿಸುತ್ತೇವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಲ್‌ನ ಮಚಲೀಪಟ್ಟಣ ಘಟಕ ಸೈನ್ಯಕ್ಕೆ ನೈಟ್ ವಿಷನ್ ಉಪಕರಣ ಮಾಡುತ್ತದೆ. ಡೆಹ್ರಾಡೂನ್‌ನಲ್ಲಿ ಡಿಆರ್‌ಡಿಒದ ಐಆರ್‌ಡಿಇ ಪ್ರಯೋಗಾಲಯ ಇಂಥವುಗಳ ವಿನ್ಯಾಸ ಮಾಡುತ್ತದೆ. ಥರ್ಮಲ್ ದರ್ಶಕ ಮಾಡುವ ಖಾಸಗಿ ಕಂಪನಿಗಳೂ ಇವೆ, ಬೆಂಗಳೂರಿನ ಟೋನ್‌ಬೋ ಇಮೇಜಿಂಗ್ ಅಂಥದ್ದೊಂದು. ಎಚ್‌ಎಎಲ್‌ನ ರುದ್ರ ಮತ್ತು ಲಘು ಯುದ್ಧ ಹೆಲಿಕಾಪ್ಟರ್‌ಗಳ ಕಾಕ್‌ಪಿಟ್ ಅನ್ನು ಗಾಗಲ್‌ಗೆ ಹೊಂದುವ ದೀಪಗಳ ಜೊತೆಗೇ ರೂಪಿಸಿದ್ದಾರೆ.

ಬಳಕೆ ಎಲ್ಲಿಗೆ ಬಂದಿದೆ ಅನ್ನುವುದಕ್ಕೆ 2023ರ ಏಪ್ರಿಲ್ ಕೊನೆಯ ಒಂದು ರಾತ್ರಿ ಸಾಕು. ಸುಡಾನ್‌ನ ಒಳಜಗಳದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ವಾಯುಪಡೆಯ ಸಿ-130ಜೆ ವಿಮಾನ ಖಾರ್ಟೂಮ್‌ನಿಂದ ಸುಮಾರು 40 ಕಿ.ಮೀ. ಉತ್ತರದ ವಾದಿ ಸಯ್ಯಿದ್ನಾ ಎಂಬಲ್ಲಿ ಇಳಿಯಿತು. ಓಡುದಾರಿ ಹಾಳಾಗಿತ್ತು, ದೀಪಗಳಿರಲಿಲ್ಲ, ದಾರಿ ತೋರಿಸುವ ಉಪಕರಣಗಳಿರಲಿಲ್ಲ. ಪೈಲಟ್‌ಗಳು ಗಾಗಲ್ ನಂಬಿಕೊಂಡೇ ಇಳಿಸಿ, 121 ಜನರನ್ನು ಹತ್ತಿಸಿಕೊಂಡು, ಹಾಗೆಯೇ ಹಾರಿದರು. ನಮ್ಮ ಹಕ್ಕಿಪಿಕ್ಕಿ ಸಮುದಾಯದವರೂ ವಾಪಸ್ ಬಂದದ್ದು ಅದೇ ‘ಆಪರೇಷನ್ ಕಾವೇರಿ’ಯಲ್ಲಿ.

ಟ್ಯೂಬಿನ ವಿಷಯಕ್ಕೆ ಬಂದರೆ ಅಷ್ಟು ಖುಷಿ ಪಡಲು ಆಗದು. ಲೆನ್ಸು, ಚೌಕಟ್ಟು, ಬ್ಯಾಟರಿ ಡಬ್ಬಿಯನ್ನು ಹಲವರು ಮಾಡುತ್ತಾರೆ. ಟ್ಯೂಬು ಮಾಡುವ ದೇಶಗಳು ಮಾತ್ರ ಕೆಲವೇ. ನಮ್ಮಲ್ಲಿ ಅದನ್ನು ಮಾಡುವುದು ಪುಣೆಯಲ್ಲಿ, ಬಿಇಎಲ್‌ನದೇ ಅಂಗಸಂಸ್ಥೆ. 1990ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಕಂಪನಿಯ ಜೊತೆ ಸೇರಿ ಶುರುವಾದದ್ದು. ಈಗ ಅಲ್ಲಿ ಫ್ರಾನ್ಸ್‌ನ ಫೋಟೋನಿಸ್‌ನಿಂದ ಪಡೆದ ತಂತ್ರಜ್ಞಾನದಲ್ಲಿ ಟ್ಯೂಬು ಮಾಡುತ್ತಾರೆ. ಫೋಟೋನಿಸ್ ಕೂಡ ಒಂದು ಕಾಲಕ್ಕೆ ಫಿಲಿಪ್ಸ್ ಬಳಗದ್ದೇ. ಅಮೆರಿಕ ತನ್ನ ಟ್ಯೂಬುಗಳಿಗೆ ಒಂದು ಅಂಕ ಕಟ್ಟಿದೆ. ಚಿತ್ರದ ಸ್ಪಷ್ಟತೆಯನ್ನು ಅದರಲ್ಲಿ ಗದ್ದಲ (ಸುಮ್ಮನೆ ಮಿನುಗುವ ಚುಕ್ಕೆಗಳು) ಎಷ್ಟು ಕಡಿಮೆ ಅನ್ನುವುದರಿಂದ ಗುಣಿಸಿ ಬರುವ ಅಂಕ. ಅದು ಜಾಸ್ತಿಯಾದಷ್ಟೂ ಹೊರದೇಶಕ್ಕೆ ಮಾರಲು ಕಟ್ಟುಪಾಡು ಜಾಸ್ತಿ. ನೈಟ್ ವಿಷನ್ ಮಾಹಿತಿಯನ್ನು ಅನುಮತಿ ಇಲ್ಲದೆ ಚೀನಾ ಮೊದಲಾದ ಕಡೆಗೆ ಹೋಗಗೊಟ್ಟದ್ದಕ್ಕೆ ಅಮೆರಿಕದ ಐಟಿಟಿ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಆದ್ದರಿಂದ ‘ಸ್ವದೇಶಿ ನೈಟ್ ವಿಷನ್’ ಅನ್ನುವ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಎರಡೇ ಸಂಗತಿ: ಒಳಗಿನ ಟ್ಯೂಬು ಎಲ್ಲಿ ತಯಾರಾಯಿತು, ಅದರ ಫೋಟೋಕ್ಯಾಥೋಡ್ ಮತ್ತು ಮೈಕ್ರೋಚಾನೆಲ್ ಪ್ಲೇಟ್ ಯಾರದ್ದು. ಸುದ್ದಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.